ಎಡ ಹಿಂಗಾಲು

ಮೂವತ್ತೈದು ವರ್ಷ ಕುದುರೆಗಳ ಹಿಂಗಾಲಿನ ಬುಡದಲ್ಲೇ ಕೂತು ಲಾಳ ಹೊಡೆದವನು ನಾನು. ಒಂದೇ ಒಂದು ಒದೆ ತಿಂದವನಲ್ಲ. ಬಿದ್ದದ್ದು ಏಣಿಯಿಂದ. ಕುಲುಮೆಯ ಮೇಲಿನ ತಗಡು ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು. ನಾಲ್ಕು ಮೊಳೆ ಜಡಿದು ಇಳಿದರಾಯಿತು ಎಂದು ಹತ್ತಿದೆ. ಇಳಿದದ್ದು ಬೆನ್ನ ಮೇಲೆ. ಇದನ್ನು ಯಾರಿಗಾದರೂ ಹೇಳಿದರೆ ಮೊದಲು ಅಯ್ಯೋ ಅನ್ನುತ್ತಾರೆ, ಆಮೇಲೆ ಮುಖ ಆಚೆ ತಿರುಗಿಸಿ ನಗು ನುಂಗುತ್ತಾರೆ. ನುಂಗಲಿ. ನನಗೇ ನಗು ಬರುವಾಗ ಅವರಿಗೇನು ಹೇಳಲಿ?

ಸೊಂಟದ ಕೆಳಗೆ ಅರ್ಧಂಬರ್ಧ ಜೀವ ಉಳಿಯಿತು. ಬಲಗಾಲು ಮನಸ್ಸಾದರೆ ಮಾತು ಕೇಳುತ್ತದೆ, ಎಡಗಾಲು ಕೇಳುವುದೇ ಇಲ್ಲ. ಅದಕ್ಕಿಂತ ದೊಡ್ಡ ಪೀಡೆ ಎಂದರೆ ಎಡಪಕ್ಕೆಯಲ್ಲಿ ಬಲವಿಲ್ಲ. ಒರಗದೆ ಕೂತರೆ ಸರಿಯಾಗಿ ತುಂಬದ ಗೋಣಿಚೀಲದ ಹಾಗೆ ಮೆಲ್ಲಮೆಲ್ಲನೆ ಎಡಕ್ಕೆ ಕುಸಿಯುತ್ತೇನೆ. ಕುಸಿಯುತ್ತಿರುವುದು ನನಗೆ ತಿಳಿಯುವುದೂ ಇಲ್ಲ. ನೆಟ್ಟಗೇ ಕೂತಿದ್ದೇನೆ ಅಂದುಕೊಂಡಿರುತ್ತೇನೆ, ಅಷ್ಟರಲ್ಲಿ ಕಿವಿ ಹಾಸಿಗೆಗೆ ತಾಗಿರುತ್ತದೆ.

ನನ್ನದು ಎರಡು ಕೋಣೆಯ ಮನೆ, ಅದಕ್ಕೆ ಅಂಟಿಕೊಂಡಂತೆ ಮುಂದೆ ಕುಲುಮೆ. ಹೆಂಡತಿ ಮದುವೆಯಾದ ಆರನೇ ವರ್ಷ ಹೋದಳು, ಮಕ್ಕಳಾಗಲಿಲ್ಲ. ಆಗಲೂ ನಾನು ಒಂಟಿ ಅನ್ನಿಸಿರಲಿಲ್ಲ ನೋಡಿ. ಬೆಳಗಾದರೆ ಬಾಗಿಲಲ್ಲಿ ಕುದುರೆ, ಕುದುರೆಯ ಹಿಂದೆ ಅದರ ಯಜಮಾನ, ಯಜಮಾನನ ಹಿಂದೆ ಅವನ ಹರಟೆ. ಬಿದ್ದ ಮೇಲೆ ಒಂದು ತಿಂಗಳು ನೋಡಲು ಬಂದರು. ಆಮೇಲೆ ಬೇರೆ ಲಾಳದವನನ್ನು ಹುಡುಕಿಕೊಂಡರು. ತಪ್ಪೇನಲ್ಲ, ಗೊರಸು ನನಗಾಗಿ ಬೆಳೆಯುವುದು ನಿಲ್ಲಿಸುತ್ತದೆಯೇ? ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಆಯಾ ಬಂದು ತೊಳೆದು, ಉಣಿಸಿ, ಮಲಗಿಸಿ ಹೋಗುತ್ತಿದ್ದಳು. ಮಿಕ್ಕ ಇಪ್ಪತ್ತೆರಡು ಗಂಟೆ ನಾನು ಮತ್ತು ಗೋಡೆ. ಕುಲುಮೆಯ ಬಾಗಿಲನ್ನು ಹಗಲೆಲ್ಲ ತೆರೆದೇ ಇಡಲು ಹೇಳಿದ್ದೆ, ಯಾರಾದರೂ ಬಂದಾರು ಎಂದು. ಒಂದು ನಾಯಿ ಬಂತು. ಕಬ್ಬಿಣ ಬಡಿಯುವ ಅಡಿಗಲ್ಲನ್ನು ಮೂಸಿ, ನನ್ನನ್ನು ನೋಡಿ, ಹೋಯಿತು.

ಭಾನುವಾರ ಅಕ್ಕನ ಫೋನು ಬರುತ್ತಿತ್ತು. ಅಕ್ಕ ಇರುವುದು ದೂರದ ಊರಲ್ಲಿ, ಮೂರನೇ ಮಹಡಿಯಲ್ಲಿ. ಒಂದು ಭಾನುವಾರ ಸೀದಾ ವಿಷಯಕ್ಕೆ ಬಂದಳು.

"ನೋಡೋ ತಮ್ಮ, ನಾಲ್ಕು ತಿಂಗಳು ಟೈಮು ಕೊಡ್ತೀನಿ. ಮಂಚದಿಂದ ಗಾಲಿಕುರ್ಚಿಗೆ ನೀನೇ ಇಳೀಬೇಕು. ಯಾವುದಕ್ಕೂ ಒರಗದೆ ಕೂತು ನಿನ್ನ ಕೈಯಾರೆ ಒಂದು ಊಟ ಮುಗಿಸ್ಬೇಕು. ನಾನೇ ಬಂದು ನೋಡ್ತೀನಿ. ಆಗ್ಲಿಲ್ವಾ, ಮನೆ ಖಾಲಿ ಮಾಡಿಸಿ ನನ್ ಜೊತೆ ಕರ್ಕೊಂಡು ಹೋಗೋದೇ."

"ನಿನ್ನ ಮನೆಗೆ ಲಿಫ್ಟಿಲ್ಲ. ಒಂದ್ಸಲ ಹತ್ತಿಸಿದ್ರೆ ಆಮೇಲೆ ನನ್ನ ಇಳಿಸೋದು ಹೆಣ ಮಾಡಿನೇ."

"ಬಾಯಿಗೆ ಬಂದಂಗೆ ಮಾತಾಡ್ಬೇಡ. ಹಾಲಲ್ಲಿ ಟಿವಿ ಪಕ್ಕ ಮಂಚ ಹಾಕಿಸ್ತೀನಿ, ರಾಜನ ಹಾಗಿರ್ತೀಯ."

"ರಾಜನಿಗೆ ಟಿವಿ ಧಾರಾವಾಹಿ ನೋಡೋ ಕರ್ಮ ಇರ್ಲಿಲ್ಲ ಕಣಕ್ಕ."

ಅವಳು ನಗಲಿಲ್ಲ. "ನೀನಲ್ಲಿ ಒಬ್ಬನೇ ಬಿದ್ದಿದ್ರೆ ನಂಗಿಲ್ಲಿ ನಿದ್ದೆ ಬರಲ್ಲ" ಎಂದು ಫೋನಿಟ್ಟಳು. ಅವಳದು ಹಟವಲ್ಲ, ಹೆದರಿಕೆ ಎಂದು ಗೊತ್ತು. ಆದರೆ ನನ್ನ ಅಡಿಗಲ್ಲು, ಬೆಂಕಿಗೆ ಗಾಳಿಯೂದುವ ತಿದಿ, ಗೋಡೆಯ ಮೇಲೆ ಸಾಲಾಗಿ ತೂಗುಹಾಕಿದ ಲಾಳಗಳು, ಇವನ್ನು ಬಿಟ್ಟರೆ ನಾನು ಯಾರು? ಟಿವಿ ಪಕ್ಕದ ಒಂದು ಮಂಚ ಅಷ್ಟೆ.

ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಮೇಡಂಗೆ ಇದನ್ನೆಲ್ಲ ಹೇಳಿಕೊಂಡೆ. ಚಿಕ್ಕ ಹುಡುಗಿ, ನನ್ನನ್ನು ಅಂಕಲ್ ಅನ್ನುತ್ತಾಳೆ. ಅಂಕಲ್ ಅಂದರೆ ನನಗೆ ಮೈ ಉರಿಯುತ್ತದೆ. ಅವಳು, "ಅಂಕಲ್, ಕುದುರೆ ಮೇಲೆ ಕೂರ್ತೀರಾ?" ಅಂದಳು.

"ತಮಾಷೆ ಮಾಡ್ತಿದ್ದೀಯೇನಮ್ಮ?"

"ಇಲ್ಲ ಅಂಕಲ್. ಕುದುರೆ ನಡೆಯೋವಾಗ ಅದರ ಬೆನ್ನು ನಮ್ಮ ಸೊಂಟನ ಹಿಂದೆ ಮುಂದೆ, ಆಚೆ ಈಚೆ ಆಡಿಸತ್ತೆ. ನಾವು ನಡೆದಾಗ ಸೊಂಟ ಹೇಗೆ ಆಡತ್ತೋ ಹೆಚ್ಚು ಕಡಿಮೆ ಹಾಗೇ. ಬೀಳದೆ ಕೂರೋದಕ್ಕೆ ಪಕ್ಕೆ, ಬೆನ್ನು ತಾವಾಗೇ ಕೆಲಸ ಶುರು ಮಾಡ್ತವೆ. ನಾನು ಇಲ್ಲಿ ನೂರು ಸಲ ಹೇಳಿಕೊಡೋದನ್ನ ಅದು ಹೇಳದೇನೇ ಕಲಿಸತ್ತೆ. ಮಕ್ಕಳು ಬರ್ತಾರೆ, ಪಾರ್ಶ್ವವಾಯು ಆದವರು ಬರ್ತಾರೆ. ಎಲ್ಲರಿಗೂ ಒಂದೇ ಥರ ಗುಣ ಕಾಣತ್ತೆ ಅಂತ ನಾನು ಹೇಳಲ್ಲ. ನಿಮಗೆ ಕಾಣಬಹುದು."

ಊರಾಚೆ ಮರದ ಬೇಲಿಯ ನಡುವೆ ಮರಳು ಹಾಸಿದ ಅಂಗಳ, ಅಲ್ಲಿಗೆ ವಾರಕ್ಕೆ ಎರಡು ದಿನ ಆಸ್ಪತ್ರೆಯ ವ್ಯಾನಿನಲ್ಲಿ ಕರೆದೊಯ್ಯತೊಡಗಿದರು. ಗಾಲಿಕುರ್ಚಿಯನ್ನು ಇಳಿಜಾರಿನ ಮೇಲೆ ತಳ್ಳಿ ಕುದುರೆಯ ಬೆನ್ನಿನ ಎತ್ತರಕ್ಕೆ ತರುತ್ತಾರೆ. ಹುಲ್ಲಿನ ಮೇಲಿಂದ ಕುದುರೆಯನ್ನು ತಂದು ಪಕ್ಕಕ್ಕೆ ನಿಲ್ಲಿಸುತ್ತಾರೆ. ಜೀನು ಗೀನು ಇಲ್ಲ, ದಪ್ಪ ಕಂಬಳಿ, ಹೊಟ್ಟೆ ಸುತ್ತ ಒಂದು ಪಟ್ಟಿ, ಪಟ್ಟಿಗೆ ಒಂದು ಹಿಡಿ. ನನ್ನನ್ನು ಎತ್ತಿ ಕೂರಿಸಿ, ಎಡಕ್ಕೊಬ್ಬರು ಬಲಕ್ಕೊಬ್ಬರು ತೊಡೆ ಹಿಡಿದು ನಡೆಯುತ್ತಾರೆ. ಹಿಂದೆ ಮೇಡಂ. ಮುಂದೆ ಹಗ್ಗ ಹಿಡಿದವನನ್ನು ಅಲ್ಲಿ ಎಲ್ಲರೂ ಶೀಟಿ ಅನ್ನುತ್ತಾರೆ. ಬಾಯಲ್ಲಿ ಸದಾ ಸಣ್ಣದಾಗಿ ಶೀಟಿ ಹೊಡೆಯುತ್ತಾನೆ, ಕುದುರೆಗೆ ಅದೇ ತಾಳ. ಮನುಷ್ಯರ ಜೊತೆ ಮಾತು ಕಡಿಮೆ.

ಕುದುರೆಯ ಹೆಸರು ಕೆಂಚಿ. ಹದಿನೇಳು ವರ್ಷದ ಹೆಣ್ಣು, ಕಂದು ಮೈ, ಅಗಲ ಬೆನ್ನು.

ಒಂದು ಮಾತು ಹೇಳಲೇಬೇಕು. ನಾನು ಜನ್ಮದಲ್ಲಿ ಕುದುರೆ ಹತ್ತಿದವನಲ್ಲ. ನನಗೆ ಗೊತ್ತಿದ್ದದ್ದು ಕುದುರೆಯ ಹೊಟ್ಟೆ, ಮೊಣಕಾಲು, ಗೊರಸು. ಮೇಲಿನಿಂದ ಅದಕ್ಕೆ ಎರಡು ಕಿವಿ ಇರುವುದು, ಅವು ಒಂದೊಂದು ಒಂದೊಂದು ಕಡೆ ತಿರುಗುವುದು, ಇದನ್ನೆಲ್ಲ ಐವತ್ತನಾಲ್ಕನೇ ವಯಸ್ಸಿನಲ್ಲಿ ಮೊದಲ ಸಲ ನೋಡಿದೆ. ಕೆಂಚಿ ಹೆಜ್ಜೆ ಇಟ್ಟಳು. ನನ್ನ ಸೊಂಟ ಹೊರಳಿತು. ಇನ್ನೊಂದು ಹೆಜ್ಜೆ, ಈ ಕಡೆ ಹೊರಳಿತು. ಆರು ತಿಂಗಳಿಂದ ನನ್ನನ್ನು ಎತ್ತಿದ್ದಾರೆ, ಇಳಿಸಿದ್ದಾರೆ, ಒರೆಸಿದ್ದಾರೆ. ಯಾವ ಮೈಯೂ ಸುಮ್ಮನೆ ನನಗೆ ತಾಗಿಕೊಂಡು ಇದ್ದಿರಲಿಲ್ಲ. ಅವಳ ಬಿಸಿ ಕಂಬಳಿಯನ್ನು ದಾಟಿ ಬಲತೊಡೆಗೆ ಬಂತು. ಕಣ್ಣಲ್ಲಿ ನೀರು ತುಂಬಿಕೊಂಡಿತು. ಮರಳು ಬಿತ್ತು ಎಂದು ಸುಳ್ಳು ಹೇಳಿದೆ.

ಇಳಿಜಾರಿನಿಂದ ಅಂಗಳಕ್ಕೆ ನಲವತ್ತು ಹೆಜ್ಜೆಯ ಸಿಮೆಂಟು ಹಾದಿಯಿದೆ. ಮರಳಿನಲ್ಲಿ ಗೊರಸಿನ ಸದ್ದು ಕೇಳುವುದಿಲ್ಲ, ಹಾದಿಯಲ್ಲಿ ಕೇಳುತ್ತದೆ. ಮೂರನೇ ಸಲ ಹೋದಾಗ ಮೈ ಸ್ವಲ್ಪ ಹಗುರಾಗಿ ಕಿವಿ ತನ್ನ ಹಳೆಯ ಕೆಲಸಕ್ಕೆ ಮರಳಿತು. ಟಕ್, ಟಕ್, ಟಕ್, ಟ. ಟಕ್, ಟಕ್, ಟಕ್, ಟ. ಎಡ ಹಿಂಗಾಲು. ಹೆಜ್ಜೆ ಗಿಡ್ಡ, ಬೇಗ ಬೀಳುತ್ತಿದೆ. ಕೆಂಚಿ ಕುಂಟುತ್ತಿದ್ದಳು.

ನನ್ನ ಕಿವಿಯ ಬಗ್ಗೆ ಸುಮ್ಮನೆ ಕೊಚ್ಚಿಕೊಳ್ಳುತ್ತಿಲ್ಲ. ಬೀದಿಯ ತಿರುವಿನಲ್ಲಿ ಬರುವ ಕುದುರೆಯ ಯಾವ ಕಾಲಿನ ಯಾವ ಮೊಳೆ ಸಡಿಲ ಎಂದು ನೋಡದೆ ಹೇಳುತ್ತಿದ್ದವನು ನಾನು. ಒಂದು ಸಲ ಒಬ್ಬ ಗಾಡಿಯವನು ಕುಂಟುವ ಕುದುರೆಯನ್ನು ಭಾರದ ಗಾಡಿಗೆ ಕಟ್ಟಿಕೊಂಡೇ ಬಂದಿದ್ದ. ಅವನ ಕೊರಳಪಟ್ಟಿ ಹಿಡಿದು, "ನಿನ್ನ ಅಂಗಾಲಿಗೆ ಮೊಳೆ ಹೊಡೆದು ಓಡಿಸ್ಲಾ?" ಎಂದು ಇಡೀ ಬೀದಿಗೆ ಕೇಳುವ ಹಾಗೆ ಕೂಗಾಡಿದ್ದೆ.

ಅಂಥವನು ಈಗ ಬಾಯಿಗೆ ಬೀಗ ಹಾಕಿಕೊಂಡು ಕೂತೆ.

ಯಾಕೆಂದರೆ ಹೇಳಿದ ಮರುಗಳಿಗೆ ಕೆಂಚಿಯನ್ನು ಲಾಯದಲ್ಲಿ ನಿಲ್ಲಿಸುತ್ತಾರೆ, ಕಡಿಮೆಯೆಂದರೆ ಒಂದೂವರೆ ತಿಂಗಳು. ಅಲ್ಲಿ ಇನ್ನಿದ್ದದ್ದು ಎರಡು. ಒಂದು ಮಕ್ಕಳ ಗಿಡ್ಡ ಕುದುರೆ, ನಾನು ಕೂತರೆ ಅದಕ್ಕೂ ಗಾಲಿಕುರ್ಚಿ ಬೇಕಾದೀತು. ಇನ್ನೊಂದು ಹೊಸದು, ಯಾರಾದರೂ ಕೊಡೆ ಬಿಚ್ಚಿದರೆ ಬೇಲಿ ಹಾರುವಂಥದ್ದು. ಕೆಂಚಿ ನಿಂತರೆ ನನ್ನ ಸವಾರಿ ನಿಂತಿತು, ಪಕ್ಕೆಯ ಕಲಿಕೆ ನಿಂತಿತು, ಮನೆ ಹೋಯಿತು. ಅಷ್ಟೇ ಅಲ್ಲ. ವಾರದ ಆ ಎರಡು ದಿನವೂ ಹೋದರೆ ನಾನು ಯಾರ ಮುಖ ನೋಡಲಿ?

ಐದು ವಾರ ಸುಮ್ಮನಿದ್ದೆ. ಪ್ರತಿ ಸಲ ನಲವತ್ತು ಹೆಜ್ಜೆಯ ಹಾದಿಯಲ್ಲಿ ಹಲ್ಲು ಕಚ್ಚಿಕೊಂಡು ಕೂತೆ. ಮೇಡಂ ಹಿಂದಿನಿಂದ, "ಅಂಕಲ್, ಎಡಕ್ಕೆ ವಾಲ್ತಿದ್ದೀರಿ, ಎಡಕ್ಕೆ!" ಎಂದು ಕೂಗುವಳು. ನಾನು ಮನಸ್ಸಿನಲ್ಲೇ, ವಾಲದೆ ಏನು ಮಾಡಲಿ ತಾಯಿ, ಕೆಳಗೆ ಕುದುರೆಯೇ ಎಡಕ್ಕೆ ಕುಂಟುತ್ತಿದೆಯಲ್ಲ ಅಂದುಕೊಳ್ಳುವೆ. ಇಳಿಸಿದ ಮೇಲೆ ಕೆಂಚಿ ತಲೆ ತಗ್ಗಿಸಿ ನನ್ನ ಮಡಿಲನ್ನು ಮೂಸುತ್ತಿದ್ದಳು. ಅವಳ ಮುಖ ನೋಡಲು ಆಗುತ್ತಿರಲಿಲ್ಲ. ಮನೆಗೆ ಬಂದು ಆಯಾ ತಟ್ಟೆ ಮುಂದಿಟ್ಟರೆ ಬದಿಗೆ ಸರಿಸುತ್ತಿದ್ದೆ. ಗೋಡೆಯ ಲಾಳಗಳ ಕಡೆ ಬೆನ್ನು ಮಾಡಿ ಮಲಗಿಸು ಎಂದು ಅವಳಿಗೆ ಹೇಳತೊಡಗಿದೆ. ಅವಳಿಗೆ ಅದೇನೆಂದು ಅರ್ಥವಾಗಬೇಕು?

ಆದರೂ ಸುಳ್ಳು ಹೇಳಬಾರದು, ಮೈ ಕಲಿಯುತ್ತಿತ್ತು. ಒರಗದೆ ಅರ್ಧ ನಿಮಿಷ ಕೂರದವನು ನಾಲ್ಕು ನಿಮಿಷ ಕೂರತೊಡಗಿದೆ. ಅಕ್ಕ ಬರಲು ಒಂದು ತಿಂಗಳು ಉಳಿದಿತ್ತು. ಆ ದಿನ ಕೆಂಚಿಯ ಮೇಲೆ ಕೂರಿಸಿ ಹಾದಿಗೆ ತಂದಾಗ ಮೇಡಂ ಖುಷಿಯಿಂದ, "ಅಂಕಲ್, ಗುಡ್ ನ್ಯೂಸ್! ನಿಮಗೆ ಇನ್ನೊಂದು ದಿನ ಸಿಕ್ಕಿದೆ. ಈ ವಾರದಿಂದ ಮೂರು ಸಲ ಬನ್ನಿ. ನಿಮ್ಮಕ್ಕ ಬರೋ ಹೊತ್ತಿಗೆ ಕಲ್ಲಿನ ಹಾಗೆ ಕೂತಿರ್ತೀರಿ" ಅಂದಳು.

ಮೂರು ಸಲ. ಕುಂಟುವ ಕಾಲಿನ ಮೇಲೆ ಇನ್ನೊಂದು ದಿನ ನನ್ನ ಭಾರ. ಆ ಗಾಡಿಯವನ ಮುಖ ಕಣ್ಣ ಮುಂದೆ ಬಂತು. ಅವನ ಕೊರಳಪಟ್ಟಿ ಹಿಡಿದ ನನ್ನ ಕೈಯೂ ಬಂತು.

"ಇಳಿಸ್ರೀ ನನ್ನ!" ಎಂದು ಕಿರುಚಿದೆ. "ಮೊದ್ಲು ಇಳಿಸಿ! ಅದು ಕುಂಟ್ತಾ ಇದೆ. ಐದು ವಾರದಿಂದ ಕುಂಟ್ತಾ ಇದೆ. ಎಡ ಹಿಂಗಾಲು. ನಂಗೆ ಗೊತ್ತಿತ್ತು, ಗೊತ್ತಿದ್ದೂ ಹೇಳ್ಲಿಲ್ಲ. ನನ್ನಂಥ ಅಯೋಗ್ಯ ಇನ್ನೊಬ್ಬ ಇಲ್ಲ!"

ಎಲ್ಲರೂ ನಿಂತುಬಿಟ್ಟರು. ಶೀಟಿಯ ಶೀಟಿಯೂ ನಿಂತಿತು. ನನ್ನನ್ನು ಇಳಿಸಿ ಕುರ್ಚಿಯಲ್ಲಿ ಕೂರಿಸಿದರು. ಶೀಟಿ ಹಗ್ಗ ಹಿಡಿದು ಕೆಂಚಿಯನ್ನು ಸಿಮೆಂಟು ಹಾದಿಯಲ್ಲಿ ಆ ತುದಿಗೆ ನಡೆಸಿದ. ನಾನು ಕಣ್ಣು ಮುಚ್ಚಿದೆ.

ಟಕ್, ಟಕ್, ಟಕ್, ಟಕ್.

ನಾಲ್ಕೂ ಸಮ. ಅಷ್ಟು ದಿನದಲ್ಲಿ ಅವಳು ಬರಿ ಬೆನ್ನಲ್ಲಿ ಆ ಹಾದಿಯಲ್ಲಿ ನಡೆದದ್ದನ್ನು ನಾನು ಕೇಳಿಯೇ ಇರಲಿಲ್ಲ. ಬರುವಾಗ ಹುಲ್ಲಿನ ಮೇಲೆ ಬರುತ್ತಿದ್ದಳು, ಹೋಗುವಾಗ ಹುಲ್ಲಿನ ಮೇಲೆ ಹೋಗುತ್ತಿದ್ದಳು.

"ಇನ್ನೊಂದ್ಸಲ" ಅಂದೆ. ಇನ್ನೊಂದು ಸಲ ನಡೆಸಿದ. ಓಡಿಸು ಅಂದೆ, ಓಡಿಸಿದ. ಕುಂಟು ಇದ್ದರೆ ಓಟದಲ್ಲಿ ಮುಚ್ಚಿಡಲಾಗದು. ಸಮವೇ. ಹತ್ತಿರ ತರಿಸಿ ಕಾಲೆತ್ತಿ ಹಿಡಿಯಲು ಹೇಳಿದೆ. ಕುರ್ಚಿಗೆ ಒರಗಿಕೊಂಡೇ ಗೊರಸು ಮುಟ್ಟಿದೆ, ತಟ್ಟಿದೆ, ಒಂದೊಂದು ಮೊಳೆಯನ್ನೂ ಬೆರಳಿನಿಂದ ಒತ್ತಿದೆ. ಬಿಸಿಯಿಲ್ಲ, ನೋವಿಲ್ಲ, ಲಾಳ ಅಚ್ಚುಕಟ್ಟಾಗಿದೆ. ನನಗಿಂತ ಚೆನ್ನಾಗಿಯೇ ಹೊಡೆದಿದ್ದಾನೆ ದರಿದ್ರದವನು, ಯಾರೋ.

ಆಗ ಆದ ಸಂಕಟ ಏಣಿಯಿಂದ ಬಿದ್ದಾಗಲೂ ಆಗಿರಲಿಲ್ಲ. ಕಾಲು ಹೋಗಿತ್ತು, ಸರಿ. ಈಗ ಕಿವಿಯೂ ಹೋಯಿತು. ಇನ್ನು ನನ್ನಲ್ಲಿ ಉಳಿದದ್ದಾದರೂ ಏನು? ಅಕ್ಕನಿಗೆ ಈಗಲೇ ಫೋನು ಮಾಡಿ ಮಂಚ ಹಾಕಿಸು ಅನ್ನೋಣ ಅನ್ನಿಸಿತು.

ಶೀಟಿ ಮೇಡಂ ಕಡೆ ತಿರುಗಿ, "ಅಣ್ಣನ್ನ ಮತ್ತೆ ಕೂರಿಸಿ" ಅಂದ. ಕೂರಿಸಿದರು. ಹೊರಟೆವು. ಟಕ್, ಟಕ್, ಟಕ್, ಟ.

"ಕೇಳಿಸ್ತಾ?" ಅಂದೆ. "ಕೇಳಿಸ್ತೋ ಇಲ್ವೋ ನಿಮಗೆ?"

"ಕೇಳಿಸ್ತು" ಅಂದ ಶೀಟಿ. "ಮೇಡಂ, ಅಣ್ಣನ ಎಡಪಕ್ಕೆಗೆ ಕೈ ಕೊಟ್ಟು ನೆಟ್ಟಗೆ ಹಿಡೀರಿ."

ಮೇಡಂ ಮುಂದೆ ಬಂದು ಅಂಗೈಯಿಂದ ನನ್ನ ಪಕ್ಕೆಯನ್ನು ಮೇಲಕ್ಕೊತ್ತಿ ಹಿಡಿದಳು. ಟಕ್, ಟಕ್, ಟಕ್, ಟಕ್. ಹತ್ತು ಹೆಜ್ಜೆ ಹೀಗೆ. ಬಿಡಿ ಅಂದ ಶೀಟಿ. ಬಿಟ್ಟಳು. ಎರಡೇ ಹೆಜ್ಜೆಯಲ್ಲಿ ಮತ್ತೆ ಟ.

"ಅದು ಕುಂಟಲ್ಲ ಅಣ್ಣ" ಅಂದ. "ನೀವು ಎಡಕ್ಕೆ ಜಾರ್ತೀರಿ. ನೀವು ಬೀಳಬಾರ್ದು ಅಂತ ಅದು ಎಡಗಾಲನ್ನ ಬೇಗ ತಂದು ನಿಮ್ಮ ಕೆಳಗೆ ಊರ್ತದೆ. ನಿಮ್ಮನ್ನ ಹಿಡ್ಕೊಂಡು ನಡೀತಿದೆ. ಮೊದಲ ದಿನದಿಂದಾನೂ ಹಾಗೇ."

"ಮೊದಲ ದಿನದಿಂದ ಗೊತ್ತಿತ್ತಾ ನಿಂಗೆ? ಯಾಕೋ ಹೇಳ್ಲಿಲ್ಲ?"

"ನೀವು ಲಾಳದವರಲ್ವಾ? ನಿಮಗೆ ಗೊತ್ತಿಲ್ದೆ ಇರತ್ತಾ ಅಂತ ಸುಮ್ನಿದ್ದೆ."

ಇಷ್ಟು ಮಾತು ಅವನು ಇಡೀ ವರ್ಷದಲ್ಲಿ ಆಡಿರಲಿಕ್ಕಿಲ್ಲ. ಕುದುರೆಯ ನಾಲ್ಕು ಕಾಲಿನ ಲೆಕ್ಕವನ್ನು ಜನ್ಮವಿಡೀ ಕೇಳಿದವನು, ಅದರ ಬೆನ್ನ ಮೇಲೆ ಏನು ಕೂತಿದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ತಪ್ಪು ನನ್ನ ಮೈಯಲ್ಲಿತ್ತು, ನಾನು ಅದನ್ನು ಅವಳ ಕಾಲಿಗೆ ಅಂಟಿಸಿದ್ದೆ. ಲೋಕದಲ್ಲಿ ನನ್ನನ್ನು ಹಿಡಿದುಕೊಳ್ಳುವವರು ಯಾರೂ ಇಲ್ಲ ಎಂದು ನಾನು ಗೋಡೆಗೆ ಹೇಳಿಕೊಂಡು ಅಳುತ್ತಿದ್ದ ಅಷ್ಟೂ ವಾರ ಈ ಮೂಕಜೀವ ಹೆಜ್ಜೆ ಹೆಜ್ಜೆಗೂ ನನ್ನನ್ನು ಹಿಡಿದುಕೊಂಡಿತ್ತು. ಅಲ್ಲೇ, ಎಲ್ಲರೆದುರೇ, ಅವಳ ಕತ್ತಿನ ಮೇಲೆ ಕೈಯಿಟ್ಟುಕೊಂಡು ಅತ್ತೆ. ಮರಳು ಗಿರಳು ಅಂತ ಹೇಳಲಿಲ್ಲ.

ಅಲ್ಲಿಂದ ಕೆಲಸದ ದಾರಿಯೇ ಬದಲಾಯಿತು. ಮೇಡಂಗೆ ಒಂದು ಉಪಾಯ ಹೊಳೆಯಿತು. ಮರಳು ಬಿಟ್ಟು ಸಿಮೆಂಟು ಹಾದಿಯಲ್ಲೇ ಹಿಂದೆ ಮುಂದೆ ನಡೆಸತೊಡಗಿದಳು. ನಾನು ವಾಲಿದ್ದು ನನಗೆ ತಿಳಿಯುವುದಿಲ್ಲ, ಆದರೆ ಕೆಂಚಿಯ ಹೆಜ್ಜೆ ಗಿಡ್ಡವಾದದ್ದು ತಿಳಿಯುತ್ತದಲ್ಲ! ಟ ಎಂದು ಕೇಳಿದ ಕೂಡಲೇ ಪಕ್ಕೆಯನ್ನು ಮೇಲಕ್ಕೆಳೆದುಕೊಳ್ಳುತ್ತಿದ್ದೆ. ಸಮವಾಗುತ್ತಿತ್ತು. ಮತ್ತೆ ಟ. ಮತ್ತೆ ಎಳೆತ. ಬೆವರು ಹರಿದು ಕಣ್ಣಿಗೆ ಇಳಿಯುತ್ತಿತ್ತು, ಕುಲುಮೆಯ ಮುಂದೆ ಕೂತಾಗಿನಂತೆ. ಮನೆಯಲ್ಲಿ ಮಂಚದ ಅಂಚಿಗೆ ಕೂತು ಬೆರಳಿನಿಂದ ಹಲಗೆಯ ಮೇಲೆ ನಾಲ್ಕು ಪೆಟ್ಟು ಬಡಿಯುತ್ತಾ ಅವಳು ಕೆಳಗಿದ್ದಾಳೆ ಅಂದುಕೊಂಡು ಅಭ್ಯಾಸ ಮಾಡಿದೆ. ಐದು ನಿಮಿಷ, ಎಂಟು, ಹನ್ನೆರಡು. ಆಯಾ ಬಾಗಿಲಲ್ಲಿ ನಿಂತು, "ಏನಪ್ಪಾ ಇದು, ತಬಲಾ ಕಲೀತಿದ್ದೀರಾ?" ಅಂದಳು.

ಅಕ್ಕ ಹೇಳಿದ ದಿನಕ್ಕೇ ಬಂದಳು, ಕೈಯಲ್ಲಿ ನನ್ನ ಬಟ್ಟೆ ತುಂಬಲು ಒಂದು ಖಾಲಿ ದೊಡ್ಡ ಚೀಲ. ಅವಳ ಎದುರೇ ಮಂಚದಿಂದ ಕುರ್ಚಿಗೆ ಜಾರಿದೆ. ಬೆನ್ನು ಮುಂದಕ್ಕೆ ತಂದು, ಯಾವುದಕ್ಕೂ ಒರಗದೆ, ಎಡಗೈಯನ್ನೂ ಎಲ್ಲೂ ಊರದೆ ಊಟ ಮಾಡಿದೆ. ಅವಳು ತನ್ನ ತಟ್ಟೆ ಮುಟ್ಟದೆ ನನ್ನನ್ನೇ ನೋಡುತ್ತಿದ್ದಳು. ನಾನು ಬೇಕೆಂದೇ ಇನ್ನೊಂದು ಸಲ ಬಡಿಸಿಕೊಂಡೆ.

ಮಾರನೇ ದಿನ ಅವಳನ್ನೂ ವ್ಯಾನಿನಲ್ಲಿ ಕರೆದುಕೊಂಡು ಹೋದೆ. ಬೇಲಿ ಹಿಡಿದು ನಿಂತಳು. ಆವತ್ತು ಪಕ್ಕದವರು ತೊಡೆಯಿಂದ ಕೈ ತೆಗೆದು ಬರಿದೆ ಜೊತೆಗೆ ನಡೆದರು. ಹಾದಿಯ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ. ಟಕ್, ಟಕ್, ಟಕ್, ಟಕ್. ಒಂದು ಸಲವೂ ತಪ್ಪಲಿಲ್ಲ. ಮೇಡಂ ಚಪ್ಪಾಳೆ ತಟ್ಟಿದಳು. ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. ನನಗೆ ಮಾತ್ರ ಎದೆಯಲ್ಲಿ ಏನೋ ಖಾಲಿಯಾದಂತಾಯಿತು. ಕೆಂಚಿಗೆ ಇನ್ನು ನನ್ನನ್ನು ಹಿಡಿದುಕೊಳ್ಳುವ ಅಗತ್ಯವಿರಲಿಲ್ಲ. ತನ್ನ ಪಾಡಿಗೆ ತಾನು ನಡೆಯುತ್ತಿದ್ದಳು.

"ಗೆದ್ದೆ ಬಿಡು" ಅಂದಳು ಅಕ್ಕ, ಬಸ್ಸಿಗೆ ಹೊರಡುವಾಗ. "ಇಲ್ಲೇ ಇರು. ಆದ್ರೆ ಒಬ್ಬನೇ ಹೇಗಿರ್ತೀಯೋ?"

"ಇದ್ದೀನಲ್ಲಕ್ಕ."

ಖಾಲಿ ಚೀಲ ಮಡಚಿ ಬಗಲಿಗೆ ಸೇರಿಸಿ, ಬಾಗಿಲ ಬಳಿ ಒಮ್ಮೆ ತಿರುಗಿ ನೋಡಿ ಹೋದಳು. ಮನೆ ನನ್ನದೇ ಆಯಿತು. ಅಡಿಗಲ್ಲು, ತಿದಿ, ಗೋಡೆ, ಲಾಳ. ಕುಲುಮೆಯ ಬಾಗಿಲು ತೆರೆದೇ ಇತ್ತು. ಸಂಜೆಯವರೆಗೂ ಯಾರೂ ಬರಲಿಲ್ಲ. ಹಲಗೆಯ ಮೇಲೆ ನಾಲ್ಕು ಪೆಟ್ಟು ಬಡಿದೆ. ಬಡಿದು ನಿಲ್ಲಿಸಿದೆ.

ನನ್ನ ಪಾಲಿಗೆ ಇನ್ನು ಎರಡು ಸವಾರಿ ಉಳಿದಿದ್ದವು. ಕಾಯುತ್ತಿರುವವರು ಬಹಳ ಜನ ಇದ್ದಾರೆ, ಆಮೇಲೆ ಜಾಗ ಬಿಡಬೇಕು ಎಂದು ಮೇಡಂ ಮೊದಲೇ ಹೇಳಿದ್ದಳು. ನ್ಯಾಯವೇ. ಕೊನೆಯ ದಿನ ಹಾದಿಯಲ್ಲಿ ಹೊರಟೆವು. ಶೀಟಿ ಮುಂದೆ, ಮೇಡಂ ಹಿಂದೆ. ಹೆಜ್ಜೆ ಸಮ. ಅರ್ಧ ಹಾದಿ ದಾಟುವವರೆಗೂ ತಡೆದುಕೊಂಡೆ. ಆಮೇಲೆ, ಬೇಕೆಂದೇ, ಎಡಪಕ್ಕೆಯನ್ನು ಸ್ವಲ್ಪ ಸಡಿಲ ಬಿಟ್ಟೆ.

ಟಕ್, ಟಕ್, ಟಕ್, ಟ.

ಬಂದಳು. ಕೇಳದೆಯೇ, ಕೂಡಲೇ, ನನ್ನ ಕೆಳಗೆ ಬಂದಳು. ಅವಳ ಬೆನ್ನು ಒಂದಿಷ್ಟು ಎದ್ದು ನನ್ನನ್ನು ತಾಳಿಕೊಂಡಿತು. ನಾಲ್ಕು ಹೆಜ್ಜೆ ಹಾಗೇ ಹೋದೆ. ಶೀಟಿ ತಿರುಗಿ ನೋಡಲಿಲ್ಲ, ಆದರೆ ಅವನ ಶೀಟಿ ಆ ನಾಲ್ಕು ಹೆಜ್ಜೆ ಕೇಳಿಸಲಿಲ್ಲ.

"ಅಂಕಲ್, ಎಡಕ್ಕೆ!" ಎಂದು ಮೇಡಂ ಕೂಗಿದಳು.

"ಗೊತ್ತಮ್ಮ" ಅಂದೆ. ನೆಟ್ಟಗೆ ಕೂತೆ.